ಆಕಿ ನಿನಗೇನಾಗಬೇಕು?

(ಬಳ್ಳಾರಿಯಲ್ಲಿ ಗೆಳೆಯರು ಸೇರಿ ನಡೆಸುವ ತಿಂಗಳ ಮಾತುಕತೆಯಲ್ಲಿ ಸಲಿಂಗ ಮದುವೆಯ ಬಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಲು ಇನ್ನೂ ಇಳಿದಿಲ್ಲ, ಫ್ಯಾನ್ ಗಾಳಿ ಸಾಲುತ್ತಿಲ್ಲ, ಆದರೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಹತ್ತಿರ ನಿಂತಿರುವ ಹುಡುಗರು ಒಳಗೆ ಬನ್ನಿ, ಈ ಕಡೆ ಜಾಗ ಇದೆ.

ನಮ್ಮ ಕಡೆ ಇಬ್ಬರು ಜೊತೆಗೆ ಕಂಡರೆ ಕೇಳುವ ಮೊದಲ ಮಾತು ಯಾವುದು? "ಅವರು ನಿಮಗೇನಾಗಬೇಕು?" ಬಸ್ಸಿನಲ್ಲಿ ಕೇಳುತ್ತೇವೆ. ಲಗ್ನದ ಊಟಕ್ಕೆ ಕೂತಾಗ ಪಕ್ಕದವರನ್ನು ಕೇಳುತ್ತೇವೆ. ಅಕ್ಕನ ಮಗಳು, ಸೋದರಮಾವ, ಬೀಗರು ಅಂತ ಏನೋ ಒಂದು ಉತ್ತರ ಬರುತ್ತದೆ, ಮಾತು ಮುಂದಕ್ಕೆ ಹೋಗುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ.

ಅದೇ ಮಾತನ್ನು ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರೆ? ಹೆಣದ ಮನೆಯ ಮುಂದೆ, ತಹಶೀಲ್ದಾರ್ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಕೇಳಿದರೆ? ಅಲ್ಲಿ ನಮ್ಮ ಮನಸ್ಸಿನ ಉತ್ತರ ನಡೆಯುವುದಿಲ್ಲ. ಕಾನೂನು ಒಪ್ಪುವ ಉತ್ತರ ಬೇಕು. ಇಪ್ಪತ್ತು ವರ್ಷದಿಂದ ಬಳ್ಳಾರಿ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುತ್ತಿದ್ದೇನೆ. ಪಾಲು, ವಾರಸುದಾರಿಕೆ, ಪೌತಿ ಖಾತೆ, ಇವೇ ನನ್ನ ದಿನದ ಕೆಲಸ. ಸಲಿಂಗ ಮದುವೆಯ ಬಗ್ಗೆ ಮಾತಾಡಿ ಎಂದು ಕರೆದಾಗ ನನಗೆ ನೆನಪಾದದ್ದು ಒಬ್ಬ ಹೆಣ್ಣುಮಗಳು. ಅವಳಿಂದಲೇ ಶುರು ಮಾಡುತ್ತೇನೆ.

ಒಂಬತ್ತು ವರ್ಷ ಆಗಿರಬೇಕು. ಸಂಜೆ ಹೊತ್ತು ನನ್ನ ಆಫೀಸಿಗೆ ಬಂದಳು. ನಲವತ್ತರ ಆಸುಪಾಸು. ಜೀನ್ಸ್ ಹೊಲಿಯುವವಳು. ನಮ್ಮೂರಿನ ಜೀನ್ಸ್ ನಿಮಗೆ ಗೊತ್ತೇ ಇದೆ, ಪೀಸಿಗಿಷ್ಟು ಅಂತ ಕೂಲಿ. ನೀಲಿ ಬಣ್ಣ ಉಗುರಿನ ಸಂದಿಯಲ್ಲೇ ಕೂತಿತ್ತು. ಅವಳೂ ಅವಳ ಗೆಳತಿಯೂ ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರು. ಗೆಳತಿಯದು ಸಿರುಗುಪ್ಪ ಕಡೆಯ ಹಳ್ಳಿ. ಹದಿನೇಳಕ್ಕೇ ಮದುವೆ ಮಾಡಿದ್ದರು. ಗಂಡನ ಹೊಡೆತ ತಾಳಲಾರದೆ ಎರಡೇ ವರ್ಷಕ್ಕೆ ಬಿಟ್ಟು ಬಂದಿದ್ದಳು. ವಿಚ್ಛೇದನ ಅಂತ ಯಾರೂ ಕೋರ್ಟಿಗೆ ಹೋಗಲಿಲ್ಲ. ಬಡವರಲ್ಲಿ ಯಾರು ಹೋಗುತ್ತಾರೆ ಹೇಳಿ? ಬಿಟ್ಟು ಬಂದರೆ ಮುಗಿಯಿತು ಅಂದುಕೊಳ್ಳುತ್ತಾರೆ.

ಇಬ್ಬರೂ ಹೊಲಿದರು, ಚೀಟಿ ಹಾಕಿದರು. ಚೀಟಿ ಎತ್ತಿದ ವರ್ಷ ಊರಾಚೆ ಒಂದು ಸೈಟು ತೊಗೊಂಡರು. ಎರಡು ಕೋಣೆ ಕಟ್ಟಿದರು. ಗೆಳತಿಗೆ ಸಹಿ ಹಾಕಲು ಬರುತ್ತಿತ್ತು, ಇವಳಿಗೆ ಬರುತ್ತಿರಲಿಲ್ಲ. ಹಾಗಾಗಿ ಕಾಗದವೆಲ್ಲ ಗೆಳತಿಯ ಹೆಸರಿನಲ್ಲೇ ಆಯಿತು.

ಆಮೇಲೆ ಗೆಳತಿಗೆ ಕಾಮಾಲೆ ಬಂತು. ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದಳು. ಅಲ್ಲಿ ಒಂದು ಫಾರಂ ಮುಂದಿಟ್ಟು ಕೇಳಿದರಂತೆ, "ಆಕಿ ನಿನಗೇನಾಗಬೇಕು?" ಇವಳು "ಅಕ್ಕ ಆಗಬೇಕು" ಎಂದಳು. ಆಧಾರ್ ನೋಡಿದರು, ತಂದೆಯ ಹೆಸರು ಬೇರೆ ಬೇರೆ. "ಮನೆಯವರನ್ನ ಕರ್ಕೊಂಡು ಬಾ" ಎಂದರು. ನನ್ನ ಮುಂದೆ ಕೂತು ಅವಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಮೇಡಂ, ಮನೀಯವರನ್ನ ಕರ್ಕೊಂಡ್ ಬಾ ಅಂದ್ರ ನಾ ಯಾರನ್ನ ಕರೀಲಿ? ಮನಿಯಾಗ ಇದ್ದೋಳು ನಾನೊಬ್ಬಾಕಿನೇ ಅಲ್ಲೇನ್ರೀ?"

ಗೆಳತಿ ತೀರಿಕೊಂಡಳು. ಊರಿಂದ ಅಣ್ಣ ಬಂದ, ಹೆಣ ತೊಗೊಂಡು ಹೋದ. ಇವಳು ಮಣ್ಣಿಗೆ ಹೋಗಲು ಆಗಲಿಲ್ಲ. ಮೂರನೇ ತಿಂಗಳಿಗೆ ಯಾರೂ ನೆನೆಯದಿದ್ದ ಆ ಗಂಡ ಬಂದ. ಮನೆ ನನ್ನದು ಎಂದ.

ನಾನು ಕಾನೂನು ತೆಗೆದು ನೋಡಿದೆ. ನೋಡದೆಯೂ ಗೊತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು. ವಿಲ್ ಬರೆಯದೆ ಸತ್ತ ಹೆಂಗಸಿನ ಸ್ವಂತ ಗಳಿಕೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳನ್ನು ಹೆತ್ತ ತಂದೆತಾಯಿಗೆ ಬರುವುದು ಅದಾದ ಮೇಲೆ. ಹದಿನಾಲ್ಕು ವರ್ಷ ಜೊತೆಗಿದ್ದವಳ ಹೆಸರು ಆ ಪಟ್ಟಿಯ ಯಾವ ಮೂಲೆಯಲ್ಲೂ ಇಲ್ಲ. ಎರಡು ವರ್ಷ ಹೊಡೆದವನ ಹೆಸರು ಮೇಲೇ ಇದೆ. ಒಂದು ನೋಟಿಸು ಕೊಟ್ಟೆ, ನಾಲ್ಕು ಸಲ ಮಾತಿಗೆ ಕೂರಿಸಿದೆ. ಕಟ್ಟಲು ಇವಳೂ ದುಡ್ಡು ಹಾಕಿದ್ದಾಳೆ ಎಂದೆ. ಒಂದು ರಸೀದಿ ತೋರಿಸಿ ಎಂದರು. ಅವಳು ಮನೆ ಬಿಟ್ಟಳು. ಜೊತೆಗೆ ತಂದದ್ದು ಒಂದು ಹೊಲಿಗೆ ಮಷೀನು. ಬಿಲ್ಲು ಅವಳ ಹೆಸರಿನಲ್ಲಿದ್ದದ್ದು ಅದೊಂದಕ್ಕೇ.

ಅವರಿಬ್ಬರ ನಡುವೆ ಇದ್ದದ್ದು ಏನು ಅಂತ ನಾನು ಕೇಳಲಿಲ್ಲ. ಅವಳೇ ಒಂದು ಸಲ ಹೇಳಿದಳು. "ನಮ್ದು ಸಂಸಾರನೇ ಇತ್ತು ಮೇಡಂ." ನನಗೆ ಅಷ್ಟು ಸಾಕಾಯಿತು.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು. ಒಂದು ವಿಲ್ ಬರೆದಿದ್ದರೆ ಆಗುತ್ತಿತ್ತಲ್ಲ, ಮದುವೆಯೇ ಯಾಕೆ ಬೇಕು ಅಂತ. ಹೌದು, ಮನೆಯ ಮಟ್ಟಿಗೆ ವಿಲ್ ನಡೆಯುತ್ತಿತ್ತು. ಆದರೆ ವಿಲ್‌ಗೆ ಜೀವ ಬರುವುದು ಸತ್ತ ಮೇಲೆ. ಆಸ್ಪತ್ರೆಯ ಫಾರಂ ಮುಂದೆ ಅದು ಕೆಲಸಕ್ಕೆ ಬಾರದು. ಇನ್ನು ನಾಮಿನಿ. ಬ್ಯಾಂಕಿನಲ್ಲಿ ನಾಮಿನಿ ಹಾಕಿದರೆ ಹಣ ಅವರದೇ ಅಂತ ಬಹಳ ಜನ ತಿಳಿದಿದ್ದಾರೆ. ನಾಮಿನಿ ಹಣವನ್ನು ಕೈಗೆ ತೊಗೊಳ್ಳಬಹುದು ಅಷ್ಟೇ. ಕಾನೂನಿನ ವಾರಸುದಾರ ಬಂದು ಕೇಳಿದರೆ ಕೊಡಬೇಕಾಗುತ್ತದೆ. ವಿಮೆಯಲ್ಲಿ 2015ರ ತಿದ್ದುಪಡಿ ಆದ ಮೇಲೆ ಕೆಲವು ನಾಮಿನಿಗಳಿಗೆ ಹಣ ನೇರವಾಗಿ ಸೇರುತ್ತದೆ. ಯಾರಿಗೆ? ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು. ಗ್ರಾಚ್ಯುಟಿ ಇನ್ನೂ ಬಿಗಿ. ಕುಟುಂಬ ಇರುವ ಕೆಲಸಗಾರ ಕುಟುಂಬದವರ ಹೆಸರನ್ನೇ ಬರೆಯಬೇಕು. ಬೇರೆಯವರ ಹೆಸರು ಬರೆದರೆ ಅದು ಊರ್ಜಿತವೇ ಆಗುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕೆಲಸದಲ್ಲೋ ಸಂಡೂರಿನ ಗಣಿಯಲ್ಲೋ ಮೂವತ್ತು ವರ್ಷ ದುಡಿದ ಗಂಡಸು, ತನ್ನ ಜೊತೆ ಬದುಕಿದ ಇನ್ನೊಬ್ಬ ಗಂಡಸಿಗೆ ಆ ಹಣ ಸಿಗಲಿ ಅಂದರೆ, ಕಾನೂನು ಕುಟುಂಬ ಅನ್ನುವವರು ಯಾರಾದರೂ ಇರುವಾಗ ಆ ಫಾರಂನಲ್ಲಿ ದಾರಿಯೇ ಇಲ್ಲ.

ಇನ್ನೊಂದು ಮಾತು. ಮದುವೆಯ ಕಾನೂನು ನಮಗೆ ನೆನಪಾಗುವುದು ಸಂಸಾರ ಮುರಿದಾಗ. ಜೀವನಾಂಶ, ಮನೆಯಲ್ಲಿ ಇರುವ ಹಕ್ಕು, ಮಗು ಯಾರ ಹತ್ತಿರ ಇರಬೇಕು ಅನ್ನುವ ತೀರ್ಮಾನ. ಸಲಿಂಗ ಜೋಡಿಗಳಲ್ಲಿ ಜಗಳ ಆಗುವುದಿಲ್ಲವೇ? ಆಗುತ್ತದೆ. ಒಬ್ಬರು ಇನ್ನೊಬ್ಬರನ್ನು ಬರಿಗೈಯಲ್ಲಿ ಹೊರಗೆ ಹಾಕಿದರೆ ಕೇಳುವವರಿಲ್ಲ.

ಸರಿ, ಕೋರ್ಟು ಏನು ಹೇಳಿತು? 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳಿಗೆ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕು ಇದೆ ಎಂದಿತು. 2018ರ ಸೆಪ್ಟೆಂಬರ್ 6ರಂದು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ವಿಷಯದಲ್ಲಿ, ವಯಸ್ಕರು ಒಪ್ಪಿ ಕೂಡುವುದು ಅಪರಾಧ ಅಲ್ಲ ಎಂದಿತು. ಆಮೇಲೆ ಹಲವು ಜೋಡಿಗಳು ಮದುವೆಯ ಹಕ್ಕು ಕೇಳಿಕೊಂಡು ಹೋದವು. 2023ರ ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ದಿನ ವಾದ ನಡೆಯಿತು. ಅಕ್ಟೋಬರ್ 17ಕ್ಕೆ ತೀರ್ಪು ಬಂತು. ಸಂವಿಧಾನದಲ್ಲಿ ಮದುವೆಯಾಗುವ ಮೂಲಭೂತ ಹಕ್ಕು ಅಂತ ಒಂದಿಲ್ಲ, ಜಾತಿ ಧರ್ಮ ನೋಡದೆ ಮದುವೆಯಾಗಲು ಇರುವ 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟೇ ತಿದ್ದಿ ಬರೆಯಲು ಆಗದು ಎಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ಮದುವೆ ಅಲ್ಲದಿದ್ದರೂ ಈ ಜೋಡಿಗಳ ಸಂಬಂಧವನ್ನು ಸರ್ಕಾರ ಗುರುತಿಸಲೇಬೇಕು ಎಂದವರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್. ರವೀಂದ್ರ ಭಟ್, ಹಿಮಾ ಕೊಹ್ಲಿ, ನರಸಿಂಹ ಮೂವರೂ ಒಪ್ಪಲಿಲ್ಲ. ಮೂವರ ಎದುರು ಇಬ್ಬರಾಗಿ ಆ ಮಾತು ನಿಲ್ಲಲಿಲ್ಲ. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ಆ ತೀರ್ಪು ಬಂದ ದಿನ ನನಗೆ ತುಂಬಾ ಬೇಸರವಾಯಿತು. ಆದರೂ ಬಹುಮತದ ಒಂದು ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಈ ಕೆಲಸ ಕಷ್ಟದ್ದು. ಗಂಡ, ಹೆಂಡತಿ ಅನ್ನುವ ಎರಡು ಪದಗಳ ಮೇಲೆ ನಮ್ಮ ಹತ್ತಾರು ಕಾನೂನುಗಳು ನಿಂತಿವೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದ ಇಬ್ಬರೂ ಹಿಂದೂಗಳಾದರೆ ಆಸ್ತಿಯ ವಿಷಯದಲ್ಲಿ ಅವರಿಗೆ ಮತ್ತೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಬರುತ್ತದೆ. ಅಲ್ಲಿ ಗಂಡಸಿನ ವಾರಸಿಗೆ ಒಂದು ಲೆಕ್ಕ, ಹೆಂಗಸಿನ ವಾರಸಿಗೆ ಇನ್ನೊಂದು ಲೆಕ್ಕ. ಒಂದು ಎಳೆ ಜಗ್ಗಿದರೆ ಪೂರಾ ಬಟ್ಟೆ ಸಡಿಲವಾಗುತ್ತದೆ. ಹಾಗಂತ ಹೊಲಿಗೆ ಬೇಡವೇ? ಶಾಸನಸಭೆಗಳು ಇರುವುದೇ ಇಂಥ ಕಷ್ಟದ ಹೊಲಿಗೆಗೆ.

ತೀರ್ಪಿನ ನಂತರ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 2024ರಲ್ಲಿ ಕೆಲವು ಸೂಚನೆಗಳು ಹೊರಬಂದವು. ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು. ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರು ಎಂದು ನೋಡಬೇಕು. ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿ ಹೆಣ ಕೇಳಬಹುದು. ಇವು ಒಳ್ಳೆಯ ಹೆಜ್ಜೆಗಳೇ. ಗೃಹಲಕ್ಷ್ಮಿಯ ಎರಡು ಸಾವಿರ ಕೂಡ ರೇಷನ್ ಕಾರ್ಡ್ ನೋಡಿ ಬರುವ ಕಾಲ ಇದು. ಕಾರ್ಡಿನಲ್ಲಿ ಹೆಸರು ಸೇರುವುದು ಸಣ್ಣ ಮಾತಲ್ಲ. ಆದರೆ ಮೂರನೆಯದನ್ನು ಇನ್ನೊಮ್ಮೆ ಕೇಳಿ. ಹತ್ತಿರದ ಸಂಬಂಧಿಕರು ಇಲ್ಲದಾಗ. ನನ್ನ ಆ ಹೆಣ್ಣುಮಗಳ ಕತೆಯಲ್ಲಿ ಅಣ್ಣ ಬಂದಿದ್ದ. ಹದಿನಾಲ್ಕು ವರ್ಷ ಮುಖ ನೋಡದ ಅಣ್ಣ. ಈ ಸೂಚನೆ ಆಗಲೇ ಇದ್ದಿದ್ದರೂ ಅವಳು ಹೊರಗೇ ನಿಲ್ಲುತ್ತಿದ್ದಳು.

ಈಗ ಸಂಸ್ಕೃತಿಯ ಮಾತಿಗೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮದುವೆ ಅಂದರೆ ಒಬ್ಬ ಗಂಡು ಒಬ್ಬಳು ಹೆಣ್ಣು, ನಮ್ಮಲ್ಲಿ ಹಿಂದಿನಿಂದ ಬಂದದ್ದೇ ಹೀಗೆ, ಸರ್ಕಾರ ಕೈ ಹಾಕಬಾರದು. ಈ ಮಾತನ್ನು ನಾನು ಗೌರವ ಕೊಟ್ಟೇ ಕೇಳುತ್ತೇನೆ. ನಮ್ಮ ಅವ್ವನೂ ಇದನ್ನೇ ಹೇಳುತ್ತಿದ್ದಳು. ಆದರೆ ನಮ್ಮ ನೆಲದ ಕತೆ ಬೇರೆಯೇ ಇದೆ.

ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. 1949ರಲ್ಲಿ ಮದ್ರಾಸ್ ಸರ್ಕಾರ ಹಿಂದೂ ಗಂಡಸರು ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದನ್ನು ನಿಲ್ಲಿಸುವ ಕಾನೂನು ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 1955ರಲ್ಲಿ. ಅಂದರೆ ನಮ್ಮ ಅಜ್ಜನ ಕಾಲದವರೆಗೆ ಒಬ್ಬ ಗಂಡು, ಎರಡು ಮೂರು ಹೆಣ್ಣು ಅನ್ನುವುದು ಕಾನೂನು ಒಪ್ಪಿದ ಮದುವೆಯೇ ಆಗಿತ್ತು. ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟು ಜನರಿಗೆ ಇಬ್ಬರು ಅಜ್ಜಿಯರು ಒಂದೇ ಮನೆಯಲ್ಲಿದ್ದರು, ನೆನಪು ಮಾಡಿಕೊಳ್ಳಿ. ಒಬ್ಬ ಗಂಡು ಒಬ್ಬಳು ಹೆಣ್ಣು ಅನ್ನುವ ಲೆಕ್ಕವನ್ನು ನಮಗೆ ಕಟ್ಟಿಕೊಟ್ಟದ್ದೇ ಸರ್ಕಾರ.

ಗಂಡ ಸತ್ತವಳಿಗೆ, ಬಿಟ್ಟವಳಿಗೆ ಉಡಕಿ, ಅಂದರೆ ಮರುಮದುವೆ, ಮಾಡುವ ಪದ್ಧತಿ ಎಷ್ಟೋ ಜಾತಿಗಳಲ್ಲಿ ಇತ್ತು. ಇನ್ನು ಕೆಲವರು ಅದನ್ನು ಮದುವೆ ಎಂದೇ ಒಪ್ಪುತ್ತಿರಲಿಲ್ಲ. ಬಸವಿ ಬಿಡುವುದು ಇತ್ತು. ಬ್ರಿಟಿಷರ ಕಾಲದ ಬರಹಗಳಲ್ಲಿ ಬಳ್ಳಾರಿ ಜಿಲ್ಲೆಯ ಬಸವಿಯರ ವಿವರ ಸಿಗುತ್ತದೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಡುತ್ತಿದ್ದರು. ಬಿಟ್ಟ ಮೇಲೆ ಅವಳಿಗೆ ಗಂಡುಮಗನ ಹಾಗೆ ಆಸ್ತಿಯಲ್ಲಿ ಪಾಲು. ತಂದೆತಾಯಿಯ ತಿಥಿ ಕರ್ಮವನ್ನೂ ಅವಳೇ ಮಾಡಬಹುದಿತ್ತು. ಆಸ್ತಿ ಮನೆಯಲ್ಲೇ ಉಳಿಯಲಿ ಎಂದು ಹೆಣ್ಣನ್ನು ಗಂಡು ಎಂದು ಎಣಿಸಿದ ಸಮಾಜ ನಮ್ಮದು. ಅದು ಹೊಗಳುವ ಪದ್ಧತಿಯಲ್ಲ. ಎಷ್ಟು ಹೆಣ್ಣುಮಕ್ಕಳ ಬಾಳು ಅದರಲ್ಲಿ ಹಾಳಾಯಿತು ಅನ್ನುವುದು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸಿದ 1982ರ ಕಾನೂನು ಬಂದದ್ದು ಅದಕ್ಕೇ. ನಾನು ಹೇಳುವುದು ಇಷ್ಟೇ. ಆಸ್ತಿಗಾಗಿ ಸಂಬಂಧದ ಲೆಕ್ಕವನ್ನು ಬದಲಿಸಲು ನಮಗೆ ಬಂದಿತ್ತು. ಇಬ್ಬರ ಬಾಳ್ವೆಗಾಗಿ ಬದಲಿಸಲು ಯಾಕೆ ಬರುವುದಿಲ್ಲ?

ಇಲ್ಲಿ ಒಂದು ಗೊಂದಲ ತಿಳಿಮಾಡಬೇಕು. ಈ ವಿಷಯ ಎತ್ತಿದ ಕೂಡಲೇ "ಅದೇ ಹುಲಿಗಿಯಲ್ಲಿ ಇರ್ತಾರಲ್ಲ, ಜೋಗಪ್ಪರು, ಅವರ ವಿಷಯನಾ?" ಎಂದು ಕೇಳುತ್ತಾರೆ. ಜೋಗಪ್ಪರು ಅಂದರೆ ಗಂಡಾಗಿ ಹುಟ್ಟಿ, ದೇವಿಯ ಸೇವೆಗೆ ಸೇರಿ ಹೆಣ್ಣಾಗಿ ಬಾಳುವವರು. ಎರಡೂ ಬೇರೆ. ತಾನು ಹೆಣ್ಣು ಎಂದು ಬಾಳುವುದು ಒಂದು. ಗಂಡಾಗಿಯೇ ಗಂಡನ್ನು, ಹೆಣ್ಣಾಗಿಯೇ ಹೆಣ್ಣನ್ನು ಪ್ರೀತಿಸುವುದು ಇನ್ನೊಂದು. ಕಾನೂನಿನಲ್ಲೂ ಬೇರೆ. ತೃತೀಯ ಲಿಂಗಿ ಹೆಣ್ಣು ಒಬ್ಬ ಗಂಡನ್ನು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಎಂದು ಅದೇ 2023ರ ತೀರ್ಪು ಒಪ್ಪಿದೆ. 2019ರಲ್ಲಿ ಮದ್ರಾಸ್ ಹೈಕೋರ್ಟೂ ಅದನ್ನೇ ಹೇಳಿತ್ತು. ಆದರೂ ಜೋಗಪ್ಪರಿಂದ ನಾವು ಕಲಿತದ್ದು ಒಂದಿದೆ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋದಾಗ ಜಗ, ಅಂದರೆ ದೇವಿಯನ್ನಿಟ್ಟ ಬುಟ್ಟಿ, ಹೊತ್ತವರಿಗೆ ನಾವು ಕೈ ಮುಗಿಯುತ್ತೇವೆ, ಚೌಡಿಕೆಯ ಹಾಡು ಕೇಳುತ್ತೇವೆ. ಮುತ್ತು ಕಟ್ಟಿಸಿಕೊಂಡವರಿಗೆ ದೇವರ ಜೊತೆ ಲಗ್ನ ಆಗಿದೆ ಎಂದು ನಂಬುತ್ತೇವೆ. ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಗುಡಿಯ ಮುಂದೆ ಕೈ ಮುಗಿದ ನಾವೇ ಓಣಿಯಲ್ಲಿ ಬಾಡಿಗೆ ಮನೆ ಕೊಡುವುದಿಲ್ಲ. ಪೂಜೆಯಿಂದ ಹಕ್ಕು ಹುಟ್ಟುವುದಿಲ್ಲ. ಹಕ್ಕು ಕಾಗದದ ಮೇಲೆ ಬರಬೇಕು.

ಮಕ್ಕಳ ವಿಷಯವನ್ನು ಬೇಗ ಹೇಳುತ್ತೇನೆ. ಒಬ್ಬಂಟಿಯಾಗಿ ದತ್ತು ತೊಗೊಳ್ಳಲು ಈಗಲೂ ಅವಕಾಶ ಇದೆ. ಜೋಡಿಯಾಗಿ ತೊಗೊಳ್ಳಲು ಎರಡು ವರ್ಷದ ಮದುವೆ ಆಗಿರಬೇಕು. ಹೀಗಾಗಿ ಇಬ್ಬರು ತಾಯಂದಿರು ಸಾಕುವ ಮಗುವಿಗೆ ಕಾನೂನಿನಲ್ಲಿ ಒಬ್ಬಳೇ ತಾಯಿ. ಅವಳು ಸತ್ತರೆ, ಜ್ವರ ಬಂದಾಗ ರಾತ್ರಿಯಿಡೀ ಎದ್ದು ಕೂತ ಇನ್ನೊಬ್ಬಳನ್ನು ಮತ್ತೆ ಕೇಳುತ್ತಾರೆ, ಈ ಮಗು ನಿನಗೇನಾಗಬೇಕು ಅಂತ. ಮಗುವಿನ ಹಿತ ನೋಡುವವರು ಮೊದಲು ಇದನ್ನು ಸರಿಮಾಡಬೇಕು.

ನನಗೆ ಉತ್ತರ ಕೊಡಲು ಕಷ್ಟವಾಗುವ ಪ್ರಶ್ನೆ ಬೇರೆ ಕಡೆಯಿಂದ ಬರುತ್ತದೆ. ಈ ಸಮುದಾಯದವರೇ ಆದ ಒಬ್ಬ ಗೆಳತಿ ಕೇಳಿದಳು. "ಅಕ್ಕಾ, ಮದುವೆ ಅನ್ನೋದರಿಂದ ಓಡಿ ಬಂದವರು ನಾವು. ನಮ್ಮನ್ನ ಹಿಡಿದು ಬಲವಂತವಾಗಿ ತಾಳಿ ಕಟ್ಟಿಸ್ತಾರೆ. ಅದೇ ಮದುವೆಯನ್ನ ನಾವು ಯಾಕೆ ಕೇಳಬೇಕು?" ಅವಳ ಮಾತು ನಿಜ. ನಮ್ಮ ಹಳ್ಳಿಗಳಲ್ಲಿ ಮಗಳು ಒಬ್ಬ ಗೆಳತಿಗೆ ತುಂಬಾ ಹಚ್ಚಿಕೊಂಡಿದ್ದಾಳೆ ಅಂತ ಗೊತ್ತಾದರೆ ಮೊದಲು ಮಾಡುವ ಕೆಲಸ ಗಂಡು ಹುಡುಕುವುದು. ಅಂಥ ಹುಡುಗಿಗೆ ಇವತ್ತು ಬೇಕಾದದ್ದು ಬೇಡ ಎನ್ನುವ ಬಲ. ಅದನ್ನು ಬಿಟ್ಟು ಬರೀ ಮದುವೆಯ ಹಕ್ಕು ಎಂದರೆ ಪಟ್ಟಣದ ನಾಲ್ಕು ಜೋಡಿಗಳಿಗೆ ಮಾತ್ರ ಅನುಕೂಲ ಆದೀತು. 2025ರಲ್ಲಿ ಮದ್ರಾಸ್ ಹೈಕೋರ್ಟು ಒಂದು ಪ್ರಕರಣದಲ್ಲಿ, ಮನೆಯವರು ಹಿಡಿದಿಟ್ಟಿದ್ದ ಯುವತಿಯೊಬ್ಬಳನ್ನು ಅವಳ ಗೆಳತಿಯ ಜೊತೆ ಹೋಗಲು ಬಿಟ್ಟಿತು. ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿ ಅಲ್ಲ ಎಂದೂ ಹೇಳಿತು. ನನಗೆ ಎರಡೂ ಬೇಕು. ಬೇಡ ಎನ್ನಲೂ ಕಾನೂನು ಜೊತೆಗಿರಬೇಕು, ಬೇಕು ಎನ್ನಲೂ ಇರಬೇಕು.

ಹಾಗಾದರೆ ಯಾರನ್ನು ಕೇಳುವುದು? ಎಲ್ಲರೂ ದೆಹಲಿಯ ಕಡೆ ಕೈ ತೋರಿಸುತ್ತಾರೆ. ಮದುವೆ, ವಿಚ್ಛೇದನ ಎರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ತಾಕಿದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕಾಗುತ್ತದೆ. ತಮಿಳುನಾಡು ಇದನ್ನು ಮಾಡಿ ತೋರಿಸಿದೆ. ಅಲ್ಲಿ ಸ್ವಾಭಿಮಾನ ಮದುವೆಗಳು ನಡೆಯುತ್ತಿದ್ದವು. ಪುರೋಹಿತ ಇಲ್ಲ, ಹೋಮ ಇಲ್ಲ, ನಾಲ್ಕು ಜನರ ಮುಂದೆ ಹಾರ ಹಾಕಿಕೊಂಡರೆ ಮದುವೆ. 1950ರ ದಶಕದಲ್ಲಿ ಹೈಕೋರ್ಟು ಇಂಥ ಮದುವೆ ಸಿಂಧು ಅಲ್ಲ ಎಂದಿತು. ಸಾವಿರಾರು ಸಂಸಾರಗಳು ಒಂದೇ ಏಟಿಗೆ ಏನೂ ಆಗದವರ ಸಂಸಾರಗಳಾದವು. 1967ರಲ್ಲಿ ಅಲ್ಲಿನ ಶಾಸನಸಭೆ ಹಿಂದೂ ವಿವಾಹ ಕಾಯ್ದೆಗೆ ಒಂದು ಕಲಮು ಸೇರಿಸಿತು. ಮುಂದಿನ ಮದುವೆಗಳ ಜೊತೆಗೆ ಹಿಂದೆ ಆಗಿಹೋದವೂ ಊರ್ಜಿತವಾದವು. ಕೋರ್ಟು ಇಲ್ಲ ಎಂದ ಮೇಲೂ ಶಾಸನಸಭೆ ಹೌದು ಎನ್ನಬಹುದು. ಇದೇ ಅಧಿಕಾರವನ್ನು ಇನ್ನೊಂದು ದಿಕ್ಕಿಗೂ ಬಳಸಬಹುದು. ಉತ್ತರಾಖಂಡದ ಹೊಸ ಏಕರೂಪ ನಾಗರಿಕ ಸಂಹಿತೆ ಮದುವೆಯಾಗದೆ ಜೊತೆಗಿರುವವರೂ ನೋಂದಾಯಿಸಲೇಬೇಕು ಎನ್ನುತ್ತದೆ. ಆದರೆ ಗಂಡು ಹೆಣ್ಣನ್ನು ಮಾತ್ರ ಲೆಕ್ಕಕ್ಕೆ ತೊಗೊಳ್ಳುತ್ತದೆ.

ನೇಪಾಳದಲ್ಲಿ 2023ರಲ್ಲೇ ಒಂದು ಸಲಿಂಗ ಮದುವೆ ನೋಂದಣಿಯಾಯಿತು. ಥೈಲ್ಯಾಂಡಿನಲ್ಲಿ 2025ರ ಜನವರಿಯಿಂದ ಕಾನೂನೇ ಇದೆ. ಅವರನ್ನು ನೋಡಿ ನಾವು ಮಾಡಬೇಕು ಅಂತಲ್ಲ, ಇದು ಬರೀ ಪಶ್ಚಿಮದ ಗಾಳಿ ಅನ್ನುವವರಿಗೆ ಹೇಳಿದೆ.

ಕಾನೂನು ಬಂದರೆ ಅದರಲ್ಲಿ ಒಂದು ಮುಳ್ಳನ್ನು ಮೊದಲೇ ಕೀಳಬೇಕು. ವಿಶೇಷ ವಿವಾಹ ಕಾಯ್ದೆಯಲ್ಲಿ ಮೂವತ್ತು ದಿನ ಮುಂಚೆ ಹೆಸರು, ವಿಳಾಸ ಬರೆದ ನೋಟಿಸು ಅಂಟಿಸುತ್ತಾರೆ. ಜಾತಿ ಬಿಟ್ಟು ಮದುವೆಯಾಗುವ ಹುಡುಗ ಹುಡುಗಿಯರು ಆ ಮೂವತ್ತು ದಿನ ಹೇಗೆ ನಡುಗುತ್ತಾರೆ ಎಂದು ನಾನು ಕಂಡಿದ್ದೇನೆ. ಇಬ್ಬರು ಹುಡುಗರ ಹೆಸರು ಆ ಬೋರ್ಡಿನ ಮೇಲೆ ಮೂವತ್ತು ದಿನ ಇದ್ದರೆ ಏನಾಗುತ್ತದೆ, ನೀವೇ ಯೋಚಿಸಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹಿರಿಯರು ಎದ್ದು, "ನನಗೆ ಇದು ಒಪ್ಪಿಗೆ ಇಲ್ಲಮ್ಮ. ಆದರೆ ಆ ಮನೆ ಆ ಹೆಣ್ಣುಮಗಳಿಗೇ ಸಿಗಬೇಕಿತ್ತು" ಎಂದರು. ಸಿಗುವುದಕ್ಕೆ ಅವರು ಯಾವ ದಾರಿ ಹೇಳುತ್ತಾರೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಯೋಚನೆ ಮಾಡ್ತೀನಿ" ಎಂದು ಕೂತರು. ಅವರು ಎದ್ದು ಹೇಳಿದ್ದು ನನಗೆ ಸಂತೋಷವಾಯಿತು. ಹಿಂದಿನಿಂದ ಒಬ್ಬ ಅಜ್ಜಿ, "ಇಬ್ರೂ ಹೆಂಗಸ್ರಾದ್ರ ಯಾರು ಯಾರ ಮನಿಗೆ ನಡೀಬೇಕವ್ವಾ?" ಎಂದು ಕೇಳಿದರು. ಬೇಕಾದವರ ಮನೆಗೆ, ಇಲ್ಲದಿದ್ದರೆ ಆ ಇಬ್ಬರಂತೆ ಹೊಸ ಮನೆ ಕಟ್ಟಬಹುದು ಎಂದೆ. "ಹಂಗಾದ್ರ ಅತ್ತಿ ಕಾಟ ಇಲ್ಲ ಬಿಡು" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ಎಲ್ಲರೂ ಹೋದ ಮೇಲೆ, ಮೊದಲು ಬಾಗಿಲ ಹತ್ತಿರ ನಿಂತಿದ್ದ ಹುಡುಗರಲ್ಲಿ ಒಬ್ಬ ಉಳಿದಿದ್ದ. ವಿಲ್ ಬರೆಯಲು ಸ್ಟಾಂಪ್ ಪೇಪರ್ ಬೇಕಾ ಮೇಡಂ ಎಂದು ಕೇಳಿದ. ಬೇಕಿಲ್ಲ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಬೇಕು, ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಿದರೆ ಇನ್ನೂ ಗಟ್ಟಿ ಎಂದೆ. ಮೊಬೈಲಿನಲ್ಲಿ ಬರೆದುಕೊಂಡ. ಯಾರ ಹೆಸರಿಗೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಾಕ್ಷಿಗೆ ಜನ ಸಿಗದಿದ್ದರೆ ಏನು ಮಾಡಬೇಕು ಎಂದ. ನನ್ನ ಆಫೀಸಿಗೆ ಬಾ, ನಾನೊಬ್ಬಳು ಹಾಕುತ್ತೇನೆ, ಇನ್ನೊಬ್ಬರನ್ನು ಹುಡುಕೋಣ ಎಂದೆ. ಬುಧವಾರ ಬರ್ತೀನಿ ಎಂದು ಹೋದ.